ಮಳೆಗಾಲದ ಕಬಡ್ಡಿ ಅಭ್ಯಾಸ: ಸಮುದಾಯ ಭವನದೊಳಗೆ ಆಡಿಸಬಹುದಾ? (ಜುಲೈ 2021ರ ಚರ್ಚೆ)

ಸಕಲೇಶಪುರ ಕೋಚ್
ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ತಿರ ಹುಡುಗಿಯರಿಗೆ ಕಬಡ್ಡಿ ಹೇಳಿಕೊಡುತ್ತೇನೆ. ಕೊರೊನಾ ಎರಡನೇ ಅಲೆ ಇಳಿದಿದೆ. ಅಭ್ಯಾಸ ಯಾವಾಗ ಸರ್ ಅಂತ ದಿನಾ ಫೋನ್ ಬರುತ್ತಿದೆ. ಎಲ್ಲರೂ 18ರೊಳಗಿನವರು, ಲಸಿಕೆ ಇನ್ನೂ ಇಲ್ಲ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದಾರೆ. ನನಗೆ ಅದೇ ಚಿಂತೆ.

ಜುಲೈ ಮಳೆಗೆ ಅಂಕಣ ಪೂರ್ತಿ ಕೆಸರು. ಊರಿನವರು ಸಮುದಾಯ ಭವನ ಕೊಡುತ್ತಾರಂತೆ. ಎರಚಲು ಹೊಡೆದು ಮ್ಯಾಟ್ ನೆನೆಯುತ್ತದೆ, ಹಾಗಾಗಿ ಕಿಟಕಿ ಮುಚ್ಚಲೇಬೇಕು. ಕೈಗೆ ಸ್ಯಾನಿಟೈಸರ್, ಬಾಗಿಲಲ್ಲಿ ಜ್ವರ ನೋಡುವುದು, ಇಷ್ಟು ಸಾಕಾ?

ಬೇಲೂರು ನರ್ಸ್
ಸರ್, ನಾನು ಹಳೆ ರೈಡರ್. ದಯವಿಟ್ಟು ಮುಚ್ಚಿದ ಭವನದಲ್ಲಿ ಮಾತ್ರ ಆಡಿಸಬೇಡಿ. ಮೈ ಮುಟ್ಟುವುದಕ್ಕಿಂತ ನನಗೆ ಉಸಿರಿನ ಭಯವೇ ಜಾಸ್ತಿ. ರೈಡರ್ 30 ಸೆಕೆಂಡ್ ಬಿಡದೆ ಕಬಡ್ಡಿ ಕಬಡ್ಡಿ ಅನ್ನಬೇಕು. ಎದುರಿಗೆ ಏಳು ಜನ ಏದುಸಿರು ಬಿಡುತ್ತಾ ನಿಂತಿರುತ್ತಾರೆ. ಗಾಳಿಯಾಡದ ಕಡೆ ಆ ಉಸಿರಿನ ಸಣ್ಣ ಹನಿಗಳು ನೆಲಕ್ಕೆ ಬೀಳದೆ ತೇಲುತ್ತಲೇ ಇರುತ್ತವೆ. ಮೂಲೆಯಲ್ಲಿ ಕೂತವಳಿಗೂ ತಪ್ಪಿದ್ದಲ್ಲ.

ದಕ್ಷಿಣ ಕೊರಿಯಾದ ಚೋನಾನ್‌ನಲ್ಲಿ 2020ರಲ್ಲಿ ಜಿಮ್‌ಗಳ ಡ್ಯಾನ್ಸ್ ಕ್ಲಾಸಿನಿಂದ ಶುರುವಾಗಿ 112 ಜನರಿಗೆ ಸೋಂಕು ಹರಡಿತು. ಇಕ್ಕಟ್ಟು ಕೋಣೆ, ಜೋರು ಕುಣಿತ. ಸೋಂಕಿದ್ದವರೇ ಯೋಗ ಹೇಳಿಕೊಟ್ಟ ಕ್ಲಾಸಿನಲ್ಲಿ ಯಾರಿಗೂ ಬರಲಿಲ್ಲ.

ಜ್ವರ ನೋಡುವುದನ್ನೇ ನಂಬಬೇಡಿ. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದ ಟ್ಯಾಂಪಾ ಕಡೆ ಒಳಾಂಗಣದಲ್ಲಿ ಒಂದು ಐಸ್ ಹಾಕಿ ಪಂದ್ಯ ನಡೆಯಿತು. ಸೋಂಕು ತಂದವನಿಗೆ ಲಕ್ಷಣ ಕಾಣಿಸಿದ್ದು ಮರುದಿನ. ಐದು ದಿನದೊಳಗೆ 22 ಆಟಗಾರರಲ್ಲಿ 14 ಜನರಿಗೆ ಕಾಯಿಲೆ. ಬಾಗಿಲಲ್ಲಿ ನೋಡಿದ್ದರೆ ಅವನು ಆರಾಮಾಗೇ ಇರುತ್ತಿದ್ದ, ಅಲ್ವಾ?

ಅರಸೀಕೆರೆ ಆಲ್‌ರೌಂಡರ್
ಮೇಡಂ ಹೇಳಿದ್ದು ಸರಿ. ಹಾಗಂತ ಆಟವನ್ನೇ ನಿಲ್ಲಿಸಬೇಡಿ ಸರ್. ಇಂಗ್ಲೆಂಡಿನ ರಗ್ಬಿ ಸೂಪರ್ ಲೀಗ್‌ನಲ್ಲಿ ಸೋಂಕಿದ್ದ 8 ಜನ ಗೊತ್ತಿಲ್ಲದೆ 4 ಪಂದ್ಯಗಳಲ್ಲಿ ಆಡಿದ್ದರು. ಅಂಥ ಮೈಮೇಲೆ ಬೀಳುವ ಆಟದಲ್ಲೂ ಎದುರಾಳಿಗಳಿಗೆ ಮೈದಾನದಲ್ಲಿ ಹರಡಿದ್ದು ಕಂಡುಬರಲಿಲ್ಲ. ಬಯಲು ಅಂದರೆ ಅಷ್ಟು ವ್ಯತ್ಯಾಸ. ನಾವು ಟೂರ್ನಮೆಂಟಿಗೆ ಒಂದೇ ಓಮ್ನಿಯಲ್ಲಿ ತುಂಬಿಕೊಂಡು ಗಾಜು ಏರಿಸಿ ಹೋಗುತ್ತೇವಲ್ಲ, ಮೊದಲು ಅದನ್ನು ಬಿಡಬೇಕು. ಒಂದೇ ಬಾಟಲಿಯ ನೀರನ್ನೂ.

ಸಕಲೇಶಪುರ ಕೋಚ್
ತುಂಬಾ ಉಪಕಾರ ಆಯಿತು. ಪಕ್ಕದ ತೋಟದಲ್ಲಿ ಕಾಫಿ ಕಣದ ಹತ್ತಿರ ತಗಡಿನ ಶೆಡ್ ಇದೆ. ಮೂರು ಕಡೆ ಗೋಡೆಯಿಲ್ಲ, ಈಗ ಖಾಲಿ. ಸಾಹುಕಾರರನ್ನು ಕೇಳುತ್ತೇನೆ. ಸಿಮೆಂಟು ನೆಲ, ಹಾಗಾಗಿ ಟ್ಯಾಕಲ್ ಆಗಲ್ಲ. ಕಾಲಿನ ಚಲನೆ, ಓಟ, ಬಸ್ಕಿ ಮಾಡಿಸಬಹುದು. ದಿನಕ್ಕೆ ಆರೇ ಜನ, ಪ್ರತಿ ಸಲ ಅದೇ ಆರು.

ಇನ್ನೊಂದು ಕಷ್ಟ ಇದೆ. ನೆಗಡಿ ಅಂದರೆ ಟೀಮಿನಿಂದ ತೆಗೆಯುತ್ತಾರೆ ಅಂತ ಮಕ್ಕಳು ಮುಚ್ಚಿಡುತ್ತಾರೆ. ಏನು ಮಾಡಲಿ?

ಬೇಲೂರು ನರ್ಸ್
ಮನೆಯಲ್ಲಿ ಉಳಿದವಳ ಜಾಗ ಹೋಗುವುದಿಲ್ಲ ಅಂತ ಎಲ್ಲರ ಎದುರೇ ಮಾತು ಕೊಡಿ ಸರ್. ಅದನ್ನು ಉಳಿಸಿಕೊಳ್ಳಿ ಕೂಡ. ನಿಮ್ಮ ಮಾತಿಗೆ ಮಕ್ಕಳು ಬೆಲೆ ಕೊಡುತ್ತಾರೆ. ಕೊರೊನಾ ಬಂದು ಹುಷಾರಾದವಳನ್ನು ಮೊದಲ ದಿನವೇ ಓಡಿಸಬೇಡಿ. ನಡಿಗೆಯಿಂದ ಶುರು ಮಾಡಿ, ಮೆಲ್ಲಗೆ ಜಾಸ್ತಿ ಮಾಡಿ. ಎದೆನೋವು, ತಲೆಸುತ್ತು, ಎದೆ ಡವಡವ ಅಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಈ ಸೋಂಕಿನಿಂದ ಕೆಲವರಿಗೆ ಹೃದಯದ ಸ್ನಾಯು ಊದಿಕೊಳ್ಳುತ್ತದೆ.