ಲ್ಯಾಬಿನ ಹೊಸ ಬ್ಯಾಟರಿ ಗಾಡಿಗೆ ಯಾವಾಗ ಬರುತ್ತೆ?

ಪ್ರಶ್ನೆ: ನಮಸ್ಕಾರ ಮೇಡಂ. ನೀವು ಬ್ಯಾಟರಿ ಸಂಶೋಧನೆಯಲ್ಲಿ ಇರುವವರು ಅಂತ ಅಡ್ಮಿನ್ ಹೇಳಿದರು, ಅದಕ್ಕೇ ಕೇಳುತ್ತಿದ್ದೇನೆ. ಐದು ನಿಮಿಷಕ್ಕೆ ಚಾರ್ಜ್ ಆಗುವ ಬ್ಯಾಟರಿ, ಹತ್ತು ಪಟ್ಟು ಹಿಡಿಯುವ ಬ್ಯಾಟರಿ ಅಂತ ಆಗಾಗ ಸುದ್ದಿ ಬರುತ್ತದೆ. ಆಮೇಲೆ ಅದರ ಪತ್ತೆಯೇ ಇರಲ್ಲ. ಇವೆಲ್ಲ ಸುಳ್ಳಾ? ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳಬೇಕು ಅಂತಿದ್ದೇನೆ. ಕಾಯೋದಾ, ಬೇಡವಾ?

ಉತ್ತರ: ನಮಸ್ಕಾರ ಸರ್. ಬಹಳ ಸಲ ಆ ಅಳತೆ ನಿಜವೇ. ಆದರೆ ಅಳೆದದ್ದು ಏನನ್ನು ಅಂತ ಸುದ್ದಿಯಲ್ಲಿ ಇರುವುದಿಲ್ಲ. ಹೊಸ ಪದಾರ್ಥ ಸಿಕ್ಕರೆ ನಾವು ಮೊದಲು ಕಾಯಿನ್ ಸೆಲ್ ಮಾಡಿ ನೋಡುತ್ತೇವೆ. ಕಾರಿನ ರಿಮೋಟ್‌ನಲ್ಲಿ ಇರುತ್ತಲ್ಲ, ಅಂಥದ್ದು. ಅದರಲ್ಲಿ ಹೊಸ ಪದಾರ್ಥ ಕೆಲವೇ ಮಿಲಿಗ್ರಾಂ. ಅದರ ಎದುರಿಗೆ ಇಡುವ ಲಿಥಿಯಂ ಬಿಲ್ಲೆ ಮಾತ್ರ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಪ್ರತಿ ಚಾರ್ಜಿಗೂ ಚೂರು ಲಿಥಿಯಂ ಹಾಳಾದರೂ ಗೊತ್ತೇ ಆಗಲ್ಲ. ಗಾಡಿಯ ಸೆಲ್‌ನಲ್ಲಿ ಅಷ್ಟು ಧಾರಾಳವಾಗಿ ತುಂಬಲು ಆಗುವುದಿಲ್ಲ.

ಒಂದು ಲೆಕ್ಕ ನೋಡಿ. ಪ್ರತಿ ಸುತ್ತಿಗೆ (ಒಂದು ಸಲ ಚಾರ್ಜ್ ಆಗಿ ಖಾಲಿಯಾಗುವುದು ಒಂದು ಸುತ್ತು) 99.9% ಲಿಥಿಯಂ ವಾಪಸ್ ಬರುತ್ತದೆ ಅಂದರೆ ಕೇಳಲು ಚೆನ್ನಾಗಿದೆ, ಅಲ್ವಾ? ಹೆಚ್ಚುವರಿ ಲಿಥಿಯಂ ಇಲ್ಲದಿದ್ದರೆ 500 ಸುತ್ತಿನ ನಂತರ ಉಳಿಯುವುದು ಸುಮಾರು 60%. ಅದನ್ನೇ 99.99% ಮಾಡಿದರೆ 95% ಉಳಿಯುತ್ತದೆ. ಆ ಕೊನೆಯ ಒಂದು 9ಕ್ಕಾಗಿಯೇ ಎಷ್ಟೋ ಲ್ಯಾಬ್‌ಗಳು ವರ್ಷಗಟ್ಟಲೆ ದುಡಿಯುತ್ತವೆ.

ಇನ್ನೊಬ್ಬ ಸದಸ್ಯರು: ಮೇಡಂ, ಹತ್ತು ಪಟ್ಟು ಅನ್ನುವುದು ಸಿಲಿಕಾನ್ ಬಗ್ಗೆಯಾ?

ಉತ್ತರ: ಹೌದು, ಹೆಚ್ಚಾಗಿ ಅದೇ. ಈಗಿನ ಸೆಲ್‌ಗಳಲ್ಲಿ ಆನೋಡ್, ಅಂದರೆ ಚಾರ್ಜ್ ಮಾಡಿದಾಗ ಲಿಥಿಯಂ ತುಂಬಿಕೊಳ್ಳುವ ಮೈನಸ್ ಕಡೆ, ಸಾಮಾನ್ಯವಾಗಿ ಗ್ರಾಫೈಟ್. ಅದು ಗ್ರಾಂಗೆ 372 ಮಿಲಿಆಂಪ್ ಅವರ್ (ಚಾರ್ಜಿನ ಅಳತೆ) ಹಿಡಿಯುತ್ತದೆ, ಸಿಲಿಕಾನ್ ಸುಮಾರು 3,600. ಆದರೆ ಸೆಲ್ ಅಂದರೆ ಬರೀ ಆನೋಡ್ ಅಲ್ಲವಲ್ಲ. ಪ್ಲಸ್ ಕಡೆಯ ಕ್ಯಾಥೋಡ್, ತಾಮ್ರದ ಹಾಳೆ, ಅಲ್ಯೂಮಿನಿಯಂ ಹಾಳೆ ಎಲ್ಲದರ ತೂಕ ಹಾಗೇ ಇರುತ್ತದೆ. ಇಡೀ ಸೆಲ್ ಹತ್ತು ಪಟ್ಟು ಆಗಲ್ಲ.

ಇನ್ನೂ ದೊಡ್ಡ ತೊಂದರೆ ಬೇರೆ ಇದೆ. ಲಿಥಿಯಂ ತುಂಬಿಕೊಂಡಾಗ ಸಿಲಿಕಾನ್ ನೆನೆಸಿದ ಕಡಲೆಗಿಂತ ಜೋರಾಗಿ ಊದಿಕೊಳ್ಳುತ್ತದೆ, ಹತ್ತಿರ ಹತ್ತಿರ ನಾಲ್ಕು ಪಟ್ಟು. ಖಾಲಿಯಾದಾಗ ಕುಗ್ಗುತ್ತದೆ. ಹೀಗೆ ಆಗಿ ಆಗಿ ಕಣಗಳು ಬಿರುಕು ಬಿಡುತ್ತವೆ. ಬಿರುಕಿನ ಹೊಸ ಮೈ ಮೇಲೆ ಪದರ ಕಟ್ಟುವುದಕ್ಕೆ ಮತ್ತೆ ಲಿಥಿಯಂ ಖರ್ಚು. ಅದಕ್ಕೇ ಸದ್ಯಕ್ಕೆ ಗ್ರಾಫೈಟ್ ಜೊತೆ ಸ್ವಲ್ಪ ಬೆರೆಸುವುದೇ ಹೆಚ್ಚು.

ಮೊದಲು ಕೇಳಿದವರು: ಹಾಗಾದರೆ ಲ್ಯಾಬಿನಿಂದ ರಸ್ತೆಗೆ ಬಂದದ್ದು ಏನಾದರೂ ಇದೆಯಾ?

ಉತ್ತರ: ಇದೆ ಸರ್, ಮತ್ತೆ ಅದು ನನಗೆ ತುಂಬಾ ಇಷ್ಟದ ಕಥೆ. 1997ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್ ಇವರೆಲ್ಲ ಸೇರಿ ಲಿಥಿಯಂ ಐರನ್ ಫಾಸ್ಫೇಟ್ (ಚಿಕ್ಕದಾಗಿ ಎಲ್‌ಎಫ್‌ಪಿ) ಅನ್ನುವ ಕ್ಯಾಥೋಡ್ ಪದಾರ್ಥದ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅಗ್ಗ, ವಿಷವಿಲ್ಲ, ಕೋಬಾಲ್ಟ್ ಅನ್ನುವ ದುಬಾರಿ ಲೋಹ ಬೇಡ. ಆದರೆ ಕರೆಂಟು ಅದರಲ್ಲಿ ಸರಾಗವಾಗಿ ಹರಿಯುತ್ತಿರಲಿಲ್ಲ. ಇರುವ ಲಿಥಿಯಂನಲ್ಲಿ ಸುಮಾರು 60% ಮಾತ್ರ ಹೊರಗೆ ಬಂತು, ಅದೂ ನಿಧಾನವಾಗಿ. ಕಡಿಮೆ ಪವರ್‌ನ ಬ್ಯಾಟರಿಗೆ ಒಳ್ಳೆಯದು ಅಂತಲೇ ಅವರು ಬರೆದರು. ಆ ಹೊತ್ತಿಗೆ ಅದು ಪ್ರಾಮಾಣಿಕವಾದ ಮಾತು.

ಆಮೇಲೆ ಕೆನಡಾದ ಮಾಂಟ್ರಿಯಲ್‌ನವರು ಕಣಗಳಿಗೆ ತೆಳುವಾಗಿ ಇಂಗಾಲ ಲೇಪಿಸಿದರು. ಬೇರೆಯವರು ಪುಡಿಯನ್ನು ಇನ್ನೂ ನುಣ್ಣಗೆ ಮಾಡಿದರು. ಇವತ್ತು ಅದೇ ಎಲ್‌ಎಫ್‌ಪಿ ಬಸ್ಸುಗಳನ್ನು ಎಳೆಯುತ್ತಿದೆ. ಚೀನಾದಲ್ಲಿ ಮಾರಾಟವಾಗುವ ಎಲೆಕ್ಟ್ರಿಕ್ ಕಾರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರ ಮೇಲೇ ಓಡುತ್ತವೆ. ಮೂಲ ಪದಾರ್ಥ ಬದಲಾಗಲಿಲ್ಲ. ಬದಲಾದದ್ದು ಪುಡಿ ಮಾಡುವ, ಲೇಪಿಸುವ, ಹಾಳೆಗೆ ಹಚ್ಚುವ ರೀತಿ. ಈ ಕೆಲಸ ಸುದ್ದಿಯಾಗುವುದಿಲ್ಲ, ಆದರೆ ಗಾಡಿ ಓಡುವುದು ಇದರಿಂದಲೇ.

ಮೊದಲು ಕೇಳಿದವರು: ಅಂದರೆ ಸ್ಕೂಟರ್‌ಗೆ ಕಾಯೋದು ಬೇಡ?

ಉತ್ತರ: ಬೇಡ ಸರ್. ನಿಮ್ಮ ದಿನದ ಓಡಾಟಕ್ಕೆ ಈಗಿನ ಬ್ಯಾಟರಿ ಸಾಕಾದರೆ ತಗೊಳ್ಳಿ. ಸೆಲ್ ಎಲ್‌ಎಫ್‌ಪಿಯಾ, ಎನ್‌ಎಂಸಿಯಾ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ ಕ್ಯಾಥೋಡ್) ಅಂತ ಶೋರೂಮಿನಲ್ಲಿ ಕೇಳಿ. ಒಂದೇ ತೂಕಕ್ಕೆ ಎನ್‌ಎಂಸಿ ಜಾಸ್ತಿ ದೂರ ಕೊಡುತ್ತದೆ. ಎಲ್‌ಎಫ್‌ಪಿ ಬಿಸಿಯನ್ನು ಹೆಚ್ಚು ತಡೆಯುತ್ತದೆ, ಬಾಳಿಕೆಯೂ ಸಾಮಾನ್ಯವಾಗಿ ಜಾಸ್ತಿ. ವಾರಂಟಿಯಲ್ಲಿ ಎಷ್ಟು ವರ್ಷ ಅಂತ ಮಾತ್ರ ನೋಡಬೇಡಿ, ಎಷ್ಟು ಶೇಕಡಾಕ್ಕೆ ಇಳಿದರೆ ಬ್ಯಾಟರಿ ಬದಲಿಸಿ ಕೊಡುತ್ತಾರೆ ಅನ್ನುವುದನ್ನೂ ಓದಿ. ಎಲ್‌ಎಫ್‌ಪಿ ಆದರೆ ಆಗಾಗ 100% ತನಕ ಚಾರ್ಜ್ ಮಾಡಿ. ಅದರ ವೋಲ್ಟೇಜ್ ಬಹಳ ಹೊತ್ತು ಒಂದೇ ಸಮ ಇರುತ್ತದೆ, ಅದರಿಂದ ಮೀಟರ್‌ನ ಲೆಕ್ಕ ತಪ್ಪಬಹುದು. ಪೂರ್ತಿ ತುಂಬಿದಾಗ ಅದು ಸರಿಹೋಗುತ್ತದೆ.