ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಪಾರ್ಕಿಂಗ್ ಶುಲ್ಕ: ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ವಾದ

ದೊಡ್ಡಕ್ಕ: ವಾಹನ ನಿಲುಗಡೆಯ ಕುರಿತ ಲೇಖನವೊಂದನ್ನು ಮೇಲೆ ಹಾಕಿದ್ದೇನೆ. ಪೇಟೆ ಬೀದಿಯಲ್ಲಿ ಬಿಟ್ಟಿಯಾಗಿ ನಿಲ್ಲಿಸಲು ಬಿಟ್ಟರೆ ಮೊದಲು ಬಂದವರೇ ದಿನವಿಡೀ ಜಾಗ ಹಿಡಿದಿರುತ್ತಾರೆ, ಆದ್ದರಿಂದ ಪ್ರತಿ ಬೀದಿಯಲ್ಲೂ ಒಂದೆರಡು ಜಾಗ ಸದಾ ಖಾಲಿ ಉಳಿಯುವಷ್ಟು ಶುಲ್ಕವಿರಬೇಕು ಎಂಬುದು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಅವರ ವಾದ. ಚಿಕ್ಕಪ್ಪ, ದಯವಿಟ್ಟು ಪೂರ್ತಿ ಓದಿದ ಮೇಲೆ ಬೈಯಿರಿ.

ಚಿಕ್ಕಪ್ಪ: ಪೂರ್ತಿ ಓದಿಯೇ ಬರೆಯುತ್ತಿದ್ದೇನೆ. ಗಾಂಧಿ ಬಜಾರಿಗೆ ಸೀರೆ ಕೊಳ್ಳಲು ಬಂದವರ ಕೈಗೆ, ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಚೀಟಿ ಹರಿದು ಕೊಟ್ಟರೆ, ಮುಂದಿನ ಸಲ ಅವರು ಮೊಬೈಲಿನಲ್ಲೇ ತರಿಸಿಕೊಳ್ಳುತ್ತಾರೆ. ಶಿವಮೊಗ್ಗದ ಅಂಗಡಿಯವನಿಗೆ ಅಮೆರಿಕದ ಪಾಠ ಬೇಡ.

ತೀರ್ಥಹಳ್ಳಿ ಭಾವ: ಮಾವನವರೇ, ಮಂಡಿಯಲ್ಲಿ ಅಡಿಕೆಯ ಕೆಲಸ ಮುಗಿಸಿ ನಿಮ್ಮ ಅಂಗಡಿಗೆ ಬರಬೇಕೆಂದರೆ ನೆಹರೂ ರಸ್ತೆ, ದುರ್ಗಿಗುಡಿ ಎಲ್ಲವನ್ನೂ ಸುತ್ತಿ, ಎಲ್ಲಿಯೂ ಜಾಗ ಸಿಗದೆ, ಕೊನೆಗೆ ನಿಮ್ಮ ಅಣ್ಣನ ಮಗಳನ್ನು ಇಳಿಸಿ ನಾನು ಕಾರಿನಲ್ಲೇ ಕುಳಿತಿರುತ್ತೇನೆ. ಜಾಗ ಸಿಗುವುದು ಖಚಿತವಿದ್ದರೆ ಗಂಟೆಗೆ ಇಪ್ಪತ್ತು ರೂಪಾಯಿ ಕೊಡಲು ನನಗೆ ಬೇಸರವಿಲ್ಲ. ಸುತ್ತಾಟದಲ್ಲಿ ಸುಡುವ ಪೆಟ್ರೋಲಿಗೂ ದುಡ್ಡು ನಾನೇ ಕೊಡುತ್ತಿದ್ದೇನಲ್ಲ.

ನಾನು: ಚಿಕ್ಕಪ್ಪ, ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೇ ರಸ್ತೆಯಂಚು ತುಂಬಿಸುವ ವಾಹನಗಳು ಯಾರವು ಎಂಬುದನ್ನು ಒಮ್ಮೆ ಗಮನಿಸಿ. ಆ ಹೊತ್ತಿಗೆ ಗಿರಾಕಿಗಳು ಇನ್ನೂ ಮನೆ ಬಿಟ್ಟಿರುವುದಿಲ್ಲ. ಅವು ಅಂಗಡಿ ಮಾಲೀಕರವು, ಕೆಲಸದವರವು, ಮೇಲಿನ ಮಹಡಿಯ ಕಚೇರಿಗಳವು. ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಒಂದು ಜಾಗದಲ್ಲಿ ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಒಂದೇ ಕಾರು ನಿಂತರೆ ಬಜಾರಿಗೆ ಅದರಿಂದ ಒಂದು ಪೈಸೆಯ ವ್ಯಾಪಾರವೂ ಇಲ್ಲ. ಗಂಟೆಗೊಂದು ಕಾರಿನಂತೆ ಬದಲಾದರೆ ಅದೇ ಜಾಗಕ್ಕೆ ಹತ್ತು ಮನೆಯವರು ಬಂದು ಹೋಗಬಹುದು, ಸ್ಕೂಟರುಗಳಾದರೆ ಇನ್ನೂ ಹೆಚ್ಚು. ಮೊದಲ ಅರ್ಧ ಗಂಟೆ ಉಚಿತವಾಗಿಟ್ಟು, ಎರಡು ಗಂಟೆಯ ನಂತರ ದರವನ್ನು ಜೋರಾಗಿ ಏರಿಸಿದರೆ ಸೀರೆ ಕೊಳ್ಳುವವರಿಗೆ ಅದು ಭಾರವಾಗದು, ದಿನವಿಡೀ ನಿಲ್ಲಿಸುವವರಿಗೆ ಮಾತ್ರ ಬಿಸಿ ತಟ್ಟುತ್ತದೆ. ಇದು ಹೊರದೇಶದ ಹುಚ್ಚು ಎನ್ನುವಂತೆಯೂ ಇಲ್ಲ. ನಿಲುಗಡೆಯ ಶುಲ್ಕವು ವಾಹನ ಆಕ್ರಮಿಸುವ ನೆಲದ ಬೆಲೆಯನ್ನು ಬಿಂಬಿಸಬೇಕೆಂದು ನಮ್ಮ ಕೇಂದ್ರ ಸರ್ಕಾರದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳುತ್ತದೆ.

ಚಿಕ್ಕಪ್ಪ: ನೀತಿ ದೆಹಲಿಯಲ್ಲಿರುತ್ತದೆ, ಚೀಟಿ ಹರಿಯುವವನು ಇಲ್ಲಿರುತ್ತಾನೆ. ಗುತ್ತಿಗೆ ಹಿಡಿದವನು ರಸೀದಿ ಕೊಡದೆ ಕೇಳಿದಷ್ಟು ವಸೂಲು ಮಾಡಿ, ಹೆಚ್ಚು ವಾಹನ ಬಂದಷ್ಟೂ ಲಾಭವೆಂದು ಎರಡು ಸಾಲು ನಿಲ್ಲಿಸಿಕೊಂಡರೆ ನಿನ್ನ ಲೆಕ್ಕವೆಲ್ಲ ಏನಾಯಿತು?

ದೊಡ್ಡಕ್ಕ: ಈ ಮಾತು ಒಪ್ಪತಕ್ಕದ್ದು. ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ನಗರದ ಹಳೆ ಪೇಟೆಯಲ್ಲೂ ವ್ಯಾಪಾರಿಗಳು ಮೊದಲು ನಿಮ್ಮಂತೆಯೇ ಶುಲ್ಕವನ್ನು ವಿರೋಧಿಸಿದ್ದರು. ಶುಲ್ಕ ವಸೂಲಿಯ ಯಂತ್ರಗಳಾದ ಮೀಟರುಗಳ ಆದಾಯವನ್ನು ಅದೇ ಪೇಟೆಯ ಪಾದಚಾರಿ ಮಾರ್ಗ, ದೀಪ, ಮರಗಿಡ, ಸ್ವಚ್ಛತೆಗೆ ಬಳಸುವುದಾಗಿ ನಗರಾಡಳಿತ ಒಪ್ಪಿದ ಮೇಲೆಯೇ 1993ರಲ್ಲಿ ಅಲ್ಲಿ ಮೀಟರುಗಳು ಬಂದವು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2011ರಿಂದ ಪ್ರಯೋಗ ನಡೆಸಿದಾಗ ವಾಹನ ಕಿಕ್ಕಿರಿದ ಬೀದಿಗಳಲ್ಲಿ ದರ ಏರಿಸಿದರು, ಜಾಗ ಖಾಲಿ ಉಳಿದ ಬೀದಿಗಳಲ್ಲಿ ಇಳಿಸಿದರು.

ವಿನೋಬನಗರ ಅತ್ತೆ: ನೀವೆಲ್ಲರೂ ಕಾರಿನ ಲೆಕ್ಕವನ್ನೇ ಮಾಡುತ್ತಿದ್ದೀರಿ. ಮಳೆಗಾಲದಲ್ಲಿ ಕೊಡೆ ಹಿಡಿದು, ಪಾದಚಾರಿ ಮಾರ್ಗದ ಮೇಲೆ ನಿಲ್ಲಿಸಿದ ಸ್ಕೂಟರುಗಳನ್ನು ತಪ್ಪಿಸಿಕೊಂಡು, ರಸ್ತೆಗೆ ಇಳಿದು ಆಟೋಗಳ ನಡುವೆ ನಡೆಯುವ ನನ್ನಂಥವಳಿಗೆ ಜಾಗ ಎಲ್ಲಿ? ಪಾದಚಾರಿ ಮಾರ್ಗದಲ್ಲಿ ವಾಹನ ನಿಲ್ಲಿಸುವುದು ಈಗಲೂ ನಿಯಮಬಾಹಿರವೇ. ಮೊದಲು ಅದನ್ನು ತೆರವು ಮಾಡಿಸಿ, ಆಮೇಲೆ ಶುಲ್ಕದ ಮಾತಾಡಿ.

ನಾನು: ಅತ್ತೆ, ಶುಲ್ಕವಿರುವ ಜಾಗಕ್ಕೆ ಬಣ್ಣದ ಗೆರೆ ಬೀಳಲೇಬೇಕಾಗುತ್ತದೆ, ಗೆರೆಯ ಹೊರಗೆ ನಿಂತದ್ದನ್ನು ಎತ್ತಿಸುವುದು ಆಗ ಸುಲಭ. ಗುತ್ತಿಗೆಯ ಬದಲು ಯುಪಿಐ ಮೂಲಕ ಹಣ ಪಾಲಿಕೆಯ ಪ್ರತ್ಯೇಕ ಖಾತೆಗೆ ಸೇರಲಿ, ತಿಂಗಳ ಲೆಕ್ಕವನ್ನು ಬಜಾರಿನಲ್ಲೇ ಫಲಕ ಬರೆದು ಹಾಕಲಿ.

ಚಿಕ್ಕಪ್ಪ: ಹಣ ಬಜಾರಿಗೇ ಖರ್ಚಾಗಬೇಕೆಂಬ ಮಾತು ಪಾಲಿಕೆಯ ಠರಾವಿನಲ್ಲಿ ಬರವಣಿಗೆಯಲ್ಲಿ ಬಂದರೆ ವರ್ತಕರ ಸಭೆಯಲ್ಲಿ ನಾನೇ ಪ್ರಸ್ತಾಪಿಸುತ್ತೇನೆ, ಅಲ್ಲಿಯವರೆಗೆ ನನ್ನ ಒಪ್ಪಿಗೆ ಇಲ್ಲ. ಅದಿರಲಿ, ದಿನವಿಡೀ ನನ್ನ ಕಾರನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ವಿನೋಬನಗರ ಅತ್ತೆ: ತಮ್ಮಾ, ನಿನ್ನ ಮನೆ ಇರುವುದು ಬಜಾರಿಗೆ ಹತ್ತಿರದ ಕೋಟೆ ರಸ್ತೆಯಲ್ಲಿ.