ಚಟ, ವ್ಯಸನ, ಒಗ್ಗಿಕೆ: ಮಾರ್ಫಿನ್ ಮಾತ್ರೆಯ ಕೈಚೀಟಿಗೆ ಯಾವ ಪದ?

ಗೆಳೆಯರೇ, ನಮಸ್ಕಾರ.

ಎರಡು ವಾರದಿಂದ ಒಂದು ಪದಕ್ಕಾಗಿ ಒದ್ದಾಡುತ್ತಿದ್ದೇನೆ. ಕ್ಯಾನ್ಸರ್ ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುವ ಒಂದು ಚಿಕ್ಕ ತಂಡಕ್ಕೆ ಎರಡು ಪುಟದ ಕೈಚೀಟಿ ಬರೆದುಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೆ. ವಿಷಯ ಜೋರು ನೋವಿಗೆ ಕೊಡುವ ಮಾರ್ಫಿನ್ ಮಾತ್ರೆ. ಯಾವಾಗ ನುಂಗಬೇಕು, ಮಲಬದ್ಧತೆ ಆಗದ ಹಾಗೆ ಏನು ಮಾಡಬೇಕು, ಮಕ್ಕಳ ಕೈಗೆ ಸಿಗದ ಹಾಗೆ ಎಲ್ಲಿಡಬೇಕು. ಅರ್ಧ ದಿನದ ಕೆಲಸ ಅಂದುಕೊಂಡಿದ್ದೆ. ಮೊದಲ ಪುಟದ ನಡುವೆಯೇ ಸಿಕ್ಕಿಹಾಕಿಕೊಂಡೆ. ಇಂಗ್ಲಿಷಿನಲ್ಲಿ ಟಾಲರೆನ್ಸ್, ಡಿಪೆಂಡೆನ್ಸ್, ಅಡಿಕ್ಷನ್ ಅಂತ ಮೂರು ಬೇರೆ ಬೇರೆ ಮಾತಿವೆ. ನನ್ನ ಕೈಗೆ ಸಿಕ್ಕ ಕನ್ನಡ ಚೀಟಿಗಳಲ್ಲಿ ಮೂರಕ್ಕೂ ಸೇರಿ ಒಂದೇ: ವ್ಯಸನ. ಜನರ ಬಾಯಲ್ಲೂ ಒಂದೇ: ಚಟ.

ನಮ್ಮ ದೊಡ್ಡಮ್ಮನಿಗೆ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ನಾಲ್ಕು ಗಂಟೆಗೊಂದು ಮಾತ್ರೆ ಅಂತ ಡಾಕ್ಟರು ಹೇಳಿದ್ದರು. ದೊಡ್ಡಪ್ಪ ಬೆಳಿಗ್ಗೆ ಒಂದು, ರಾತ್ರಿ ಒಂದು ಕೊಟ್ಟು ಉಳಿದದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಕೇಳಿದರೆ, "ಈ ವಯಸ್ಸಲ್ಲಿ ಅವಳಿಗೆ ಚಟ ಹತ್ತಿಬಿಟ್ರೆ ಏನಪ್ಪಾ ಮಾಡೋದು?" ಅಂದರು. ದೊಡ್ಡಪ್ಪ ಕಲ್ಲು ಮನಸ್ಸಿನವರಲ್ಲ. ದೊಡ್ಡಮ್ಮನ ನರಳಾಟ ಕೇಳಲಾರದೆ ಜಗುಲಿಗೆ ಹೋಗಿ ಕೂರುತ್ತಿದ್ದರು. ಆದರೂ ಬೀಗ ತೆಗೆಯಲಿಲ್ಲ. ಚಟ ಅನ್ನುವ ಪದಕ್ಕೆ ಅಷ್ಟು ಹೆದರಿದ್ದರು.

ಮೂರರ ವ್ಯತ್ಯಾಸ ಹೇಳಿಬಿಡುತ್ತೇನೆ. ಮೊದಲಿನ ಪ್ರಮಾಣ ಈಗ ನಾಟುತ್ತಿಲ್ಲ, ಸ್ವಲ್ಪ ಜಾಸ್ತಿ ಬೇಕು ಅನ್ನುವುದು ಟಾಲರೆನ್ಸ್. ಕೆಲವು ವಾರ ನುಂಗಿ ಥಟ್ಟನೆ ನಿಲ್ಲಿಸಿದರೆ ಬೆವರು, ಆಕಳಿಕೆ, ಮೂಗು ಸೋರುವುದು, ಭೇದಿ, ಮೈ ಜುಮ್ಮೆನ್ನುವುದು ಬರುತ್ತದೆ. ಮೈ ಆ ಔಷಧಿಯನ್ನು ನೆಚ್ಚಿಕೊಂಡಿದೆ ಅಂತ ಅರ್ಥ. ಇದು ಡಿಪೆಂಡೆನ್ಸ್. ವಾರಗಟ್ಟಲೆ ಸ್ಟಿರಾಯ್ಡ್ ಮಾತ್ರೆ ತಿಂದವರೂ ಒಮ್ಮೆಲೇ ಬಿಟ್ಟರೆ ಕಷ್ಟಪಡುತ್ತಾರೆ. ಅವರಿಗೆ ಸ್ಟಿರಾಯ್ಡ್ ಚಟ ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಅಡಿಕ್ಷನ್ ಬೇರೆಯೇ. ಅಲ್ಲಿ ಮನಸ್ಸು ಆ ಪದಾರ್ಥಕ್ಕೆ ಹಾತೊರೆಯುತ್ತದೆ. ಕೆಲಸ ಹೋದರೂ, ಸಂಸಾರ ಮುರಿದರೂ ಕೈ ಅದರ ಕಡೆಗೇ ಹೋಗುತ್ತದೆ.

ಈಗ ಪದಗಳು. 'ವ್ಯಸನ' ನನಗೆ ಎರಡು ಕಾರಣಕ್ಕೆ ಬೇಡ. ನಮ್ಮ ಅಜ್ಜಿ "ವ್ಯಸನ ಪಡಬೇಡ ಮಗಾ" ಅನ್ನುತ್ತಿದ್ದರು. ಅಲ್ಲಿ ಅದು ದುಃಖ. ಕ್ಯಾನ್ಸರ್ ರೋಗಿಯ ಚೀಟಿಯಲ್ಲಿ 'ವ್ಯಸನ ಉಂಟಾಗಬಹುದು' ಅಂತ ಬರೆದರೆ ಹಳಬರು ಏನು ಅಂದುಕೊಳ್ಳಬೇಕು? ಇನ್ನೊಂದು ಅರ್ಥಕ್ಕೆ ಸಪ್ತವ್ಯಸನದ ವಾಸನೆ ಇದೆ. ಜೈನರ ಪಟ್ಟಿಯಲ್ಲಿ ಜೂಜು, ಬೇಟೆ, ಕಳ್ಳತನ, ಹೆಂಡ ಎಲ್ಲ ಅಕ್ಕಪಕ್ಕ. ನೋವಿನ ಮಾತ್ರೆ ನುಂಗುವ ಹೆಂಗಸನ್ನು ಆ ಸಾಲಿನಲ್ಲಿ ನಿಲ್ಲಿಸುವುದು ಯಾವ ನ್ಯಾಯ?

'ಚಟ' ಸಡಿಲ ಪದ. ಕಾಫಿ ಚಟ, ಮೊಬೈಲ್ ಚಟ ಅಂತ ನಗುತ್ತಲೂ ಹೇಳುತ್ತೇವೆ, ಬೈಯಲೂ ಬಳಸುತ್ತೇವೆ. ಎರಡು ಕಡೆಯೂ 'ಮನಸ್ಸು ಮಾಡಿದರೆ ಬಿಡಬಹುದು' ಅನ್ನುವ ಧ್ವನಿ ಇರುತ್ತದೆ. 'ಗೀಳು' ಚೆನ್ನಾಗಿದೆ, ಆದರೆ ಮನೋವೈದ್ಯರು ಅದನ್ನು ಪದೇ ಪದೇ ಕೈ ತೊಳೆಯುವಂಥ ಕಾಯಿಲೆಗೆ ಕೊಟ್ಟುಬಿಟ್ಟಿದ್ದಾರೆ. 'ಸಹಿಷ್ಣುತೆ' ಅಂತ ಟಾಲರೆನ್ಸ್‌ಗೆ ಒಬ್ಬರು ಬರೆದಿದ್ದರು. ಓದಿದರೆ ಮಾರ್ಫಿನ್‌ಗೂ ಕೋಮು ಸೌಹಾರ್ದಕ್ಕೂ ಏನೋ ನಂಟಿದೆ ಅನ್ನಿಸುತ್ತದೆ! ವಿತ್‌ಡ್ರಾವಲ್‌ಗೆ, ಅಂದರೆ ಥಟ್ಟನೆ ಬಿಟ್ಟಾಗ ಬರುವ ಆ ಬೆವರು, ಭೇದಿಯ ಕಾಟಕ್ಕೆ, 'ಹಿಂತೆಗೆತ' ಅಂದರೆ ಬ್ಯಾಂಕಿನ ಚಲನ್ ನೆನಪಾಗುತ್ತದೆ.

ಇಂಗ್ಲಿಷಿನವರಿಗೂ ಇದು ಸಲೀಸಾಗಿರಲಿಲ್ಲ ಅನ್ನುವುದು ಒಂದು ಸಮಾಧಾನ. 1964ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಅಡಿಕ್ಷನ್ ಬಿಟ್ಟು ಡಿಪೆಂಡೆನ್ಸ್ ಅನ್ನಿ ಎಂದಿತು. 1987ರಲ್ಲಿ ಅಮೆರಿಕದ ಮನೋವೈದ್ಯರು ಕಾಯಿಲೆ ಗುರುತಿಸುವ ತಮ್ಮ ಕೈಪಿಡಿ ತಿದ್ದುವಾಗಲೂ ಡಿಪೆಂಡೆನ್ಸ್ ಗೆದ್ದಿತು, ಅದೂ ಒಂದೇ ಮತದಿಂದಂತೆ. ಅಡಿಕ್ಷನ್ ಅವಮಾನದ ಮಾತು ಅನ್ನುವುದು ಅವರ ಅಳುಕು. ಉದ್ದೇಶ ಒಳ್ಳೆಯದೇ. ಆದರೆ ಮೈ ನೆಚ್ಚಿಕೊಳ್ಳುವುದಕ್ಕೂ ಚಟಕ್ಕೂ ಒಂದೇ ಪದ ಆಗಿಹೋಯಿತು. ನೋವಿನ ರೋಗಿಗಳಿಗೆ ಮಾತ್ರೆ ಕೊಡಲು ಡಾಕ್ಟರುಗಳೇ ಹಿಂಜರಿಯುವಂತಾಯಿತು. 2013ರ ಕೈಪಿಡಿಯಲ್ಲಿ ಅದನ್ನೂ ಕೈಬಿಟ್ಟರು. ಅಂದರೆ ಡಿಪೆಂಡೆನ್ಸ್‌ಗೆ ನಮ್ಮಲ್ಲಿ ಕೆಲವರು ಬಳಸುವ 'ಅವಲಂಬನೆ' ಅಲ್ಲಿಯ ಹಳೇ ಗೊಂದಲದ ಅನುವಾದ.

ಹಾಗಂತ 'ಚಟ ಹತ್ತುವುದೇ ಇಲ್ಲ, ಧೈರ್ಯವಾಗಿ ನುಂಗಿ' ಅಂತ ಬರೆಯಲು ನನಗೆ ಮನಸ್ಸಿಲ್ಲ. 1980ರಲ್ಲಿ ಒಂದು ವೈದ್ಯ ಪತ್ರಿಕೆಯಲ್ಲಿ ಐದೇ ವಾಕ್ಯದ ಪತ್ರ ಬಂತು. ಆಸ್ಪತ್ರೆಯಲ್ಲಿ ಇಂಥ ಔಷಧಿ ಪಡೆದ 11,882 ಜನರಲ್ಲಿ ನಾಲ್ಕೇ ಜನಕ್ಕೆ ಚಟ ಹತ್ತಿದ್ದು ಕಂಡಿದೆ ಅಂತ. ಅದು ಆಸ್ಪತ್ರೆಯೊಳಗಿನ ಲೆಕ್ಕ. ಅದನ್ನೇ ಹಿಡಿದು, ಮನೆಯಲ್ಲಿ ತಿಂಗಳುಗಟ್ಟಲೆ ತಿಂದರೂ ಭಯವಿಲ್ಲ ಅಂತ ಅಮೆರಿಕದಲ್ಲಿ ಪ್ರಚಾರ ಮಾಡಿದರು. 1996ರಲ್ಲಿ ಆಕ್ಸಿಕಾಂಟಿನ್ ಅನ್ನುವ ಇದೇ ಜಾತಿಯ ನೋವಿನ ಮಾತ್ರೆ ಮಾರುಕಟ್ಟೆಗೆ ಬಂದ ಮೇಲೆ ಅಲ್ಲಿ ಎಷ್ಟೋ ಜನಕ್ಕೆ ಚಟ ಹತ್ತಿತು, ಎಷ್ಟೋ ಜನ ಸತ್ತರು. ಹಾಗಾಗಿ ನೋವಿಗೆ ಹೆದರದೆ ನುಂಗಿ ಅನ್ನುವುದು, ಚಟದ ಅಪಾಯವೂ ಇದೆ ಅನ್ನುವುದು, ಚೀಟಿಯಲ್ಲಿ ಎರಡೂ ಇರಬೇಕು. ಒಂದೇ ಪದ ಇಟ್ಟುಕೊಂಡು ಎರಡನ್ನೂ ಹೇಳುವುದು ಹೇಗೆ?

ಚಟ ನಿಜವಾಗಿ ಇರುವವರಿಗೂ ಇದೇ ಗೊಂದಲ ಕಾಟ ಕೊಡುತ್ತದೆ. ಹೆರಾಯಿನ್ ಬಿಡಿಸಲು ನಾಲಿಗೆ ಕೆಳಗೆ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆ ಕೊಡುತ್ತಾರೆ. ಹುಡುಗ ಕೆಲಸಕ್ಕೆ ಹೋಗುತ್ತಾನೆ, ಊಟ ಮಾಡುತ್ತಾನೆ, ನಿದ್ದೆ ಬರುತ್ತದೆ. ಮನೆಯವರು ಮಾತ್ರ "ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದರು" ಅಂತ ಅದನ್ನೂ ನಿಲ್ಲಿಸುತ್ತಾರೆ. ಅವನು ಮತ್ತೆ ಹೆರಾಯಿನ್ ಕಡೆ ಹೋದರೆ ಅಪಾಯ ಮೊದಲಿಗಿಂತ ಜಾಸ್ತಿ. ಬಿಟ್ಟ ದಿನಗಳಲ್ಲಿ ಟಾಲರೆನ್ಸ್ ಇಳಿದಿರುತ್ತದೆ, ಹಳೇ ಪ್ರಮಾಣವೇ ಉಸಿರು ನಿಲ್ಲಿಸಬಹುದು. ಇದನ್ನು ಆ ತಾಯಿಗೆ ಹೇಳಲು ಕನ್ನಡದಲ್ಲಿ ಒಂದು ಪದ ಬೇಡವೇ?

ನನ್ನ ಕರಡಿನಲ್ಲಿ ಸದ್ಯಕ್ಕೆ ಹೀಗೆ ಇಟ್ಟಿದ್ದೇನೆ. ಟಾಲರೆನ್ಸ್‌ಗೆ 'ಒಗ್ಗಿಕೆ'. ಡಿಪೆಂಡೆನ್ಸ್‌ಗೆ 'ಮೈ ನೆಚ್ಚಿಕೆ'. ವಿತ್‌ಡ್ರಾವಲ್‌ಗೆ 'ಬಿಟ್ಟಾಗಿನ ಬಾಧೆ'. ಅಡಿಕ್ಷನ್‌ಗೆ ಬೇರೆ ದಾರಿ ಕಾಣದೆ 'ಚಟದ ಕಾಯಿಲೆ'. 'ಕಾಯಿಲೆ' ಸೇರಿಸಿದರೆ ಬೈಗುಳದ ಖಾರ ಸ್ವಲ್ಪ ಇಳಿಯುತ್ತದೆ ಅನ್ನಿಸಿತು. 'ವ್ಯಸನಿ' ತೆಗೆದು 'ಚಟದ ಕಾಯಿಲೆ ಇರುವವರು' ಅಂದಿದ್ದೇನೆ, ಉದ್ದವಾದರೂ ಇರಲಿ. 'ಅರಿವಳಿಕೆ' ಎಷ್ಟು ಸಲೀಸಾಗಿ ಜನರ ಬಾಯಿಗೆ ಬಂತು ನೋಡಿ. 'ಮೈ ನೆಚ್ಚಿಕೆ'ಗೆ ಆ ಭಾಗ್ಯ ಇದೆಯೋ ಇಲ್ಲವೋ.

ಇನ್ನೊಂದು ತೊಡಕು ಔಷಧಿಯ ಹೆಸರಿನದು. 'ಮಾದಕ' ಅಂದ ಕೂಡಲೇ ಪೊಲೀಸರು ಕಣ್ಣಮುಂದೆ ಬರುತ್ತಾರೆ. ಮಾದಕ ವಸ್ತುಗಳ ಮೇಲಿನ 1985ರ ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ಗೋಜಲಿಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿಯಲ್ಲಿ ಮಾರ್ಫಿನ್‌ನಂಥ ಕೆಲವನ್ನು ಬೇರೆ ಗುಂಪು ಮಾಡಿ ದಾರಿ ಸುಲಭ ಮಾಡಿದರು. ಆ ಗುಂಪಿನ ಹೆಸರನ್ನು ಪದಕ್ಕೆ ಪದ ಕನ್ನಡ ಮಾಡಿದರೆ 'ಅತ್ಯಗತ್ಯ ಮಾದಕ ಔಷಧಿ'. ಬಾರಿನ ಬೋರ್ಡಿನ ಹಾಗಿಲ್ಲವೇ? 'ಅಫೀಮಿನ ಜಾತಿಯ ನೋವುಮದ್ದು' ನಿಜಕ್ಕೆ ಹತ್ತಿರ, ಆದರೆ 'ಅಫೀಮು' ನೋಡಿಯೇ ದೊಡ್ಡಪ್ಪನಂಥವರು ಚೀಟಿ ಮಡಚಿಡುತ್ತಾರೆ. ಅದೇ ಗಿಡದ ಬೀಜ ಗಸಗಸೆ. ಪಾಯಸ ಕುಡಿದು ಮಧ್ಯಾಹ್ನ ಗೊರಕೆ ಹೊಡೆದವರನ್ನು ಮಾತ್ರ ಯಾರೂ ಏನೂ ಅನ್ನಲ್ಲ, ಅಲ್ವಾ? 'ನೋವುಮದ್ದು' ಅಂತಷ್ಟೇ ಇಡೋಣ ಅಂದರೆ ನಮ್ಮ ಕಡೆ 'ಮದ್ದು ಹಾಕಿದರು' ಅಂದರೆ ವಿಷ ಇಟ್ಟರು ಅಂತ.

ನಿಮ್ಮ ಊರಿನ ಮಾತು ಬೇಕು. ಕುಡಿತ ಬಿಟ್ಟ ಮೊದಲ ವಾರದ ನಡುಕ, ನಿದ್ದೆಗೇಡಿಗೆ ಒಟ್ಟಾಗಿ ಒಂದು ಹೆಸರು ಎಲ್ಲಾದರೂ ಇದೆಯೇ? ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ, ಜನ ಅಲ್ಲಿ ಏನು ಅನ್ನುತ್ತಾರೆ ತಿಳಿಸಿ. ಉತ್ತರ ಕರ್ನಾಟಕದವರು 'ಒಗ್ಗಿಕೆ' ಓದಿದರೆ ತಟ್ಟನೆ ಅರ್ಥ ಆಗುತ್ತದೆಯೇ?

ದೊಡ್ಡಮ್ಮ ಈಗಿಲ್ಲ. ಮೊನ್ನೆ ಕರಡನ್ನು ದೊಡ್ಡಪ್ಪನಿಗೇ ಫೋನಿನಲ್ಲಿ ಓದಿ ಹೇಳಿದೆ. ಸುಮ್ನೆ ಕೇಳಿದರು. ಆಮೇಲೆ, "ಒಗ್ಗೋದು ಅಂದ್ರೆ, ಎತ್ತು ನೊಗಕ್ಕೆ ಒಗ್ಗಿದ ಹಾಗೇನಪ್ಪಾ?" ಅಂದರು. ಹೌದು ಅನ್ನಲೋ ಅಲ್ಲ ಅನ್ನಲೋ ತಿಳಿಯಲಿಲ್ಲ. ನೀವಾಗಿದ್ದರೆ ಏನನ್ನುತ್ತಿದ್ದಿರಿ?